ಐವತ್ತು ಕಲ್ಲುಗಳ ನೋಂಬು

ನನ್ನ ಗಂಡನ ಅಣ್ಣನ ಹೆಂಡತಿಯನ್ನು ನಾನು ಚೇಟತ್ತಿ ಎಂದು ಕರೆಯುತ್ತಿದ್ದೆ. ಅಣ್ಣನ ಹೆಂಡತಿಗೆ ನಮ್ಮವರು ಹೇಳುವುದೇ ಹಾಗೆ. ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದಾಗ ಒಂದು ವರ್ಷದ ನೋಂಬಿನಲ್ಲಿ, ಅಂದರೆ ಈಸ್ಟರಿಗೆ ಮೊದಲು ನಾವು ಮೀನು ಮಾಂಸ ಬಿಟ್ಟು ವ್ರತ ಹಿಡಿಯುವ ಐವತ್ತು ದಿನಗಳಲ್ಲಿ, ಅವರು ದಿನಕ್ಕೊಂದರಂತೆ ಐವತ್ತು ಕೆಂಪುಕಲ್ಲುಗಳನ್ನು ತಲೆಯ ಮೇಲೆ ಹೊತ್ತು ಗುಡ್ಡ ಹತ್ತಿದರು. ಅವರ ಹೃದಯ ಅಷ್ಟು ತಡೆಯುವ ಹೃದಯವಾಗಿರಲಿಲ್ಲ. ಇದು ಅವರಿಗೆ ಗೊತ್ತಿರಲಿಲ್ಲ, ಮನೆಯವರಿಗೂ ಗೊತ್ತಿರಲಿಲ್ಲ. ನನಗೆ ಸ್ವಲ್ಪ ಗೊತ್ತಾಗಿತ್ತು.

ನಮ್ಮ ಮನೆ ಆಲಂಕಾರಿನಿಂದ ಕಡಬಕ್ಕೆ ಹೋಗುವ ಕಡೆ, ರಸ್ತೆಯಿಂದ ಒಳಗೆ ಇತ್ತು. ಕೇರಳದಿಂದ ಬಂದು ಗುಡ್ಡ ಕಡಿದು ರಬ್ಬರ್ ಇಟ್ಟವರು ನಾವೆಲ್ಲ. ಅಲ್ಲಿಯವರೆಗೆ ಭಾನುವಾರದ ಪೂಜೆ ಒಂದು ಸೋಗೆಯ ಚಪ್ಪರದಲ್ಲಿ ನಡೆಯುತ್ತಿತ್ತು. ಆ ವರ್ಷ ಗುಡ್ಡದ ತಲೆಯ ಮೇಲೆ ಒಂದು ಸಣ್ಣ ಇಗರ್ಜಿ ಕಟ್ಟುವುದೆಂದಾಯಿತು. ಕಲ್ಲಿನ ಲಾರಿ ಬುಡದ ಮೋರಿಯವರೆಗೆ ಮಾತ್ರ ಬರುತ್ತಿತ್ತು, ಮೇಲೆ ಕಾಲುದಾರಿ. "ಮೇಲೆ ಬರುವವರು ಬರಿಗೈಯಲ್ಲಿ ಬರಬೇಡಿ" ಎಂದು ಪಾದ್ರಿಯವರು ಒಂದು ಭಾನುವಾರ ಹೇಳಿದರು. ಗಂಡಸರಿಗೆ ಒಂದು ಕಲ್ಲು, ಹೆಂಗಸರಿಗೆ ಅರ್ಧ ಕಲ್ಲು, ಮಕ್ಕಳಿಗೆ ಡಬ್ಬಿಯಲ್ಲಿ ಮರಳು. ಅವರು ಹೇಳಿದ್ದು ಅಷ್ಟೇ. ಅದನ್ನು ಹರಕೆ ಮಾಡಿಕೊಂಡದ್ದು ನಮ್ಮವರು. ಒಬ್ಬರು ಮಗನ ಪರೀಕ್ಷೆಗೆ ಏಳು ಕಲ್ಲು ಹೇಳಿಕೊಂಡರು, ಒಬ್ಬರು ಸೊಂಟನೋವಿಗೆ ಹನ್ನೆರಡು. ಸೊಂಟನೋವಿಗೆ ಕಲ್ಲು ಹೊರುವುದರಲ್ಲಿ ಯಾರಿಗೂ ಏನೂ ವಿಚಿತ್ರ ಕಾಣಲಿಲ್ಲ.

ಚೇಟತ್ತಿಗೆ ಮದುವೆಯಾಗಿ ಒಂಬತ್ತು ವರ್ಷ, ಮಕ್ಕಳಿರಲಿಲ್ಲ. ಅತ್ತೆ ಕೆಟ್ಟವರಲ್ಲ, ಆದರೆ ಬಾಯಿಗೆ ಬಂದದ್ದು ನಿಲ್ಲುತ್ತಿರಲಿಲ್ಲ. ಒಂದು ಬೆಳಿಗ್ಗೆ ಅಂಗಳದಲ್ಲಿ ರಬ್ಬರ್ ಶೀಟು ಹರಡುತ್ತ, ಯಾರಿಗೋ ಹೇಳುವ ಹಾಗೆ, "ಗಿಡ ಆದ್ರೂ ಏಳು ವರ್ಷಕ್ಕೆ ಹಾಲು ಕೊಡ್ತದೆ" ಎಂದರು. ಚೇಟತ್ತಿ ಶೀಟಿನ ಇನ್ನೊಂದು ತುದಿ ಹಿಡಿದಿದ್ದರು. ಅದನ್ನು ಸುಕ್ಕಿಲ್ಲದ ಹಾಗೆ ಹರಡಿ, ಕೈ ಒರೆಸಿಕೊಂಡು ಒಳಗೆ ಬಂದು ನನ್ನೊಡನೆ ಹೇಳಿದರು:

"ಕೊಚ್ಚೇ, ನಾನು ಐವತ್ತು ಕಲ್ಲು ಹೇಳಿಕೊಂಡೆ. ಅರ್ಧ ಅಲ್ಲ, ಇಡೀ ಕಲ್ಲು."

ಕೊಚ್ಚೇ ಎಂದರೆ ಚಿಕ್ಕವಳೇ ಎಂದು. ನಾನು ಮದುವೆಯಾಗಿ ಬಂದು ವರ್ಷವಷ್ಟೇ ಆಗಿತ್ತು. ಮನೆಮಾತು ಮಲಯಾಳಂ ಆದರೂ ನಮ್ಮಿಬ್ಬರ ಮಾತು ಕನ್ನಡದಲ್ಲಿ. ಅವರು ಅರಂತೋಡಿನ ಕಡೆಯ ಕನ್ನಡ ಶಾಲೆಯಲ್ಲಿ ಕಲಿತವರು, ನಾನು ಪುತ್ತೂರಿನಲ್ಲಿ ಕಾನ್ವೆಂಟಿನ ಬೋರ್ಡಿಂಗಿನಲ್ಲಿ ಬೆಳೆದವಳು. ಅತ್ತೆಗೆ ಕನ್ನಡ ಅರೆಬರೆ ಅರ್ಥವಾಗುತ್ತಿತ್ತು. ಹಾಗಾಗಿ ಅಡುಗೆಮನೆಯಲ್ಲಿ ಆ ಭಾಷೆ ನಮಗೊಂದು ಪರದೆಯ ಹಾಗಿತ್ತು. ಜೊತೆಗೆ ಹೋಗಲು ನನ್ನನ್ನು ಕಳುಹಿಸಿದರು. ನನ್ನದು ಅರ್ಧ ಕಲ್ಲು.

ಬೆಳಕು ಹರಿದ ಮೇಲೆ ಹೊರಟು, ರಬ್ಬರ್ ಹಾಲು ಒಟ್ಟುಮಾಡುವ ಹೊತ್ತಿಗೆ ಹಿಂತಿರುಗಬೇಕು. ಮೋರಿಯ ಹತ್ತಿರ ತುಳು ಮಾತಾಡುವ ಒಬ್ಬ ಮುದುಕ ಕಲ್ಲಿನ ಮೈ ಕೆತ್ತಿ ಸಮ ಮಾಡುತ್ತ ಕೂತಿರುತ್ತಿದ್ದ. ಆತನ ಹುಬ್ಬು, ಮೂಗಿನ ಕೂದಲು, ಎಲ್ಲ ಕೆಂಪು ಹುಡಿ. ಹೊರೆಯನ್ನು ಯಾರೂ ತಾವಾಗಿ ತಲೆಗೆ ಏರಿಸಿಕೊಳ್ಳಲಾರರು, ಇನ್ನೊಬ್ಬರು ಎತ್ತಿಕೊಡಬೇಕು. ನಮಗೆ ಎತ್ತಿಕೊಡುತ್ತಿದ್ದದ್ದು ಅವನೇ.

"ನಿಮ್ಮ ದೇವರಿಗೆ ಒಂದು ಲಾರಿರಸ್ತೆ ಮಾಡ್ಲಿಕ್ಕೆ ಹೇಳಿ ಮಾರಾಯ್ರೆ" ಎಂದು ಮೊದಲ ದಿನವೇ ನಗಾಡಿದ. "ಹೆಂಗಸರ ಕುತ್ತಿಗೆ ಮುರಿದು ಅವರಿಗೆಂತ ಸಿಗುದು?"

"ನೀನು ಎತ್ತಿಕೊಡು, ಸಾಕು" ಎಂದರು ಚೇಟತ್ತಿ. "ಉಪದೇಶಕ್ಕೆ ಪಾದ್ರಿಯವರು ಇದ್ದಾರೆ."

ಹೊರೆ ತಲೆಗೆ ಬಂದಾಗ ಏನಾಗುತ್ತದೆಂದು ಹೊರದವರಿಗೆ ಹೇಳುವುದು ಕಷ್ಟ. ಮೊದಲ ಇಪ್ಪತ್ತು ಹೆಜ್ಜೆ ಭಾರ ಕುತ್ತಿಗೆಗೆ ಮಾತ್ರ ಗೊತ್ತು, ಹೃದಯಕ್ಕೆ ಸುದ್ದಿ ಮುಟ್ಟಿರುವುದಿಲ್ಲ. ಆಮೇಲೆ ಏರು ಶುರುವಾಗುತ್ತಲೇ ಅದು ಎಚ್ಚರವಾಗುತ್ತದೆ. ಎದೆಯಲ್ಲಿ ಬಡಿಯಬೇಕಾದದ್ದು ಕಿವಿಯಲ್ಲಿ ಬಡಿಯುತ್ತದೆ, ಗಂಟಲ ಗುಳಿಯಲ್ಲಿ ಬಡಿಯುತ್ತದೆ, ಬಟ್ಟೆಯ ಸಿಂಬೆಯ ಕೆಳಗೆ ನೆತ್ತಿಯಲ್ಲೂ ಬಡಿಯುತ್ತದೆ. ತಲೆ ಅಲುಗಿಸುವಂತಿಲ್ಲ, ಬಗ್ಗುವಂತಿಲ್ಲ. ಉಸಿರಿಗೆ ಹೊಟ್ಟೆಯೊಂದೇ ದಾರಿ. ಮೂಗು ಸಾಲದೆ ಬಾಯಿ ತೆರೆಯುತ್ತದೆ. ಮೇಲೆ ಮುಟ್ಟಿ ಕಲ್ಲು ಇಳಿಸಿದರೆ ದೇಹ ಹಗುರವಾಗಿ ತೇಲಿದ ಹಾಗೆ, ಆದರೆ ಹೃದಯ ಮಾತ್ರ ಇನ್ನೂ ಓಡುತ್ತಲೇ ಇರುತ್ತದೆ. ಸ್ವಲ್ಪ ಹೊತ್ತಿನಲ್ಲಿ ಅದೂ ನಿಧಾನಿಸುತ್ತದೆ. ದಿನ ಕಳೆದ ಹಾಗೆ ಆ ಸ್ವಲ್ಪ ಹೊತ್ತು ಇನ್ನೂ ಸ್ವಲ್ಪವಾಗುತ್ತದೆ. ಇದನ್ನೇ ಅಭ್ಯಾಸ ಎನ್ನುವುದು. ನನ್ನ ಮಟ್ಟಿಗೆ ಹಾಗೆಯೇ ಆಯಿತು.

ನಮ್ಮ ಹತ್ತಿರ ಗಡಿಯಾರವಿರಲಿಲ್ಲ, ಜಪಮಾಲೆಯಿತ್ತು. ಹೊರೆ ಹೊತ್ತ ಹೆಂಗಸರು ಸಾಲಾಗಿ ಹತ್ತುವಾಗ ಮುಂದಿನವರು ಪ್ರಾರ್ಥನೆಯ ಮೊದಲ ಅರ್ಧ ಹೇಳುತ್ತಾರೆ, ಹಿಂದಿನವರು ಎರಡನೆಯ ಅರ್ಧ. ಅದನ್ನು ಒಂದೇ ಉಸಿರಿಗೆ ಹೇಳಿ ಮುಗಿಸುವುದು ರೂಢಿ. ಎಂಟೋ ಹತ್ತೋ ದಿನ ಚೇಟತ್ತಿಯ ಸ್ವರ ನನ್ನ ಬೆನ್ನ ಹಿಂದೆ ಸರಿಯಾಗಿ ಕೊನೆ ಮುಟ್ಟುತ್ತಿತ್ತು. ಆಮೇಲೆ ಏರಿನಲ್ಲಿ ಕೊನೆಯ ಮಾತಿಗೆ ಮುಂಚೆ ತುಂಡಾಗತೊಡಗಿತು. ಮತ್ತೆರಡು ದಿನಕ್ಕೆ ನಡುವೆ. ಸಮತಟ್ಟಿನಲ್ಲೂ ನಡುವೆ. ನಾನು ಮೊದಲ ಅರ್ಧವನ್ನು ನಿಧಾನ ಮಾಡಿದೆ, ಅವರಿಗೆ ಸುಧಾರಿಸಿಕೊಳ್ಳಲು ಆಗಲಿ ಎಂದು. ಅದನ್ನು ಅವರು ಗಮನಿಸಿದರು.

"ಎಂತ, ನಿದ್ದೆ ಬರ್ತದಾ ನಿನಗೆ? ಬೇಗ ಹೇಳು."

ಹದಿನೆಂಟನೆಯ ಕಲ್ಲಿನ ದಿನ, ಮೇಲೆ ಹೊರೆ ಇಳಿಸಿದ ಮೇಲೆ ನನ್ನ ಉಸಿರು ಎರಡು ಪ್ರಾರ್ಥನೆಯೊಳಗೆ ಇಳಿಯಿತು. ಚೇಟತ್ತಿಯದು ಜಪಮಾಲೆಯ ಹತ್ತು ಮಣಿ ದಾಟಿದರೂ ಇಳಿಯಲಿಲ್ಲ. ಭುಜಗಳು ಏಳುತ್ತಿದ್ದವು, ಬೀಳುತ್ತಿದ್ದವು. ತುಟಿಯ ಬಣ್ಣ ನೇರಳೆ ತಿಂದವರ ಹಾಗೆ. ಕಾನ್ವೆಂಟಿನಲ್ಲಿ ರೋಗಿಗಳ ಕೋಣೆ ನೋಡಿಕೊಳ್ಳುತ್ತಿದ್ದ ಸಿಸ್ಟರ್ ನಮಗೆ ನಾಡಿ ಹಿಡಿಯುವುದನ್ನು ಕಲಿಸಿದ್ದರು. ಮುಂಗೈಯ ಹೆಬ್ಬೆರಳ ಬುಡದಲ್ಲಿ ಮೂರು ಬೆರಳು, ಒತ್ತದೆ. ನಾನು ಹಾಗೆಯೇ ಚೇಟತ್ತಿಯ ಕೈ ಹಿಡಿದೆ. ನನ್ನ ನಾಡಿ ಬೇಗ ಬೇಗ ಆದರೂ ಸಾಲಾಗಿ ಬಡಿಯುತ್ತಿತ್ತು. ಅವರದಕ್ಕೆ ಸಾಲೇ ಇರಲಿಲ್ಲ. ಮೂರು ಒಟ್ಟಿಗೆ, ಒಂದು ತಡ, ಮತ್ತೆ ಎರಡು, ಆಮೇಲೆ ಏನೂ ಇಲ್ಲ. ಹೊಸದಾಗಿ ಟೈಪಿಂಗ್ ಕಲಿಯುವವರ ಬೆರಳಿನ ಹಾಗೆ.

"ಏನು ಡಾಕ್ಟ್ರೇ, ಗಂಡೋ ಹೆಣ್ಣೋ?" ಎಂದು ಕೇಳಿ ನಕ್ಕರು. ನಗು ಕೆಮ್ಮಾಯಿತು.

ಇಳಿಯುವಾಗ ಕಲ್ಲು ಕೆತ್ತುವ ಮುದುಕ ನನ್ನೊಬ್ಬಳನ್ನೇ ನಿಲ್ಲಿಸಿದ. "ಅಮ್ಮ, ನಾನು ಐವತ್ತು ವರ್ಷದಿಂದ ಹೊರೆಯವರನ್ನು ನೋಡಿದವ. ಕಲ್ಲು ಇಳಿದ್ರೆ ಉಸಿರೂ ಇಳಿಬೇಕು. ಆ ಅಮ್ಮನದ್ದು ಮರುದಿನ ಇಲ್ಲಿಗೆ ಬರುವಾಗ್ಲೂ ಇಳಿದಿರುದಿಲ್ಲ. ಮನೆಯಲ್ಲಿ ಹೇಳಿ."

ನಾನು ಮನೆಯಲ್ಲಿ ಹೇಳಲಿಲ್ಲ. ಏಕೆ ಎಂದು ಹೇಳಲು ಹೊರಟರೆ ಸಣ್ಣ ಸಣ್ಣ ಕಾರಣಗಳೇ ಸಿಗುತ್ತವೆ. ನಾನು ಹೊಸಬಳು. ಕಲಿತವಳು ಎಂದು ಅತ್ತೆಗೆ ಮೊದಲೇ ಸ್ವಲ್ಪ ಅಸಮಾಧಾನವಿತ್ತು. ಹರಕೆ ಮುರಿಸಿದವಳು ಎಂಬ ಮಾತು ಬಂದರೆ, ನಾಳೆ ಚೇಟತ್ತಿಗೆ ಮಕ್ಕಳಾಗದಿದ್ದರೆ ಅದು ನನ್ನ ತಲೆಗೇ ಬರುತ್ತಿತ್ತು. ಇನ್ನೊಂದು ಕಾರಣವೂ ಉಂಟು. ಊರಿನ ಕಣ್ಣಿಗೆ ಅವರು ದಿನೇ ದಿನೇ ಚೆಂದವಾಗುತ್ತಿದ್ದರು. ಎರಡು ಕೆನ್ನೆಯ ಮೇಲೂ ಕುಂಕುಮ ತೀಡಿದಂತೆ ಒಂದು ಕೆಂಪು ಬಂದು ನಿಂತಿತ್ತು. ಭಾನುವಾರ ಹೆಂಗಸರೆಲ್ಲ ಅದನ್ನೇ ಹೇಳಿದರು.

"ನೋಂಬಿನ ಕಳೆ ಅಂದ್ರೆ ಇದು. ಮುಖ ನೋಡಿ, ಮಾತೆಯ ಪಟದ ಹಾಗೆ ಉಂಟು."

ಅತ್ತೆಗೂ ಮೊದಲ ಸಲ ಸೊಸೆಯ ಬಗ್ಗೆ ಹೆಮ್ಮೆ. ಬೆಳಿಗ್ಗೆ ನಾವು ಹೊರಡುವಾಗ ತಾವೇ ಸಿಂಬೆಯ ಬಟ್ಟೆ ಸುತ್ತಿಕೊಡುತ್ತಿದ್ದರು. ಅವರು ಚೇಟತ್ತಿಯ ತಲೆ ಮುಟ್ಟಿದ್ದನ್ನು ನಾನು ಮೊದಲು ಕಂಡದ್ದು ಆಗಲೇ.

ಬೆಳಿಗ್ಗೆ ನಾನು ಎದ್ದು ಬರುವಾಗ ಚೇಟತ್ತಿ ಗೋಡೆಗೆ ಒರಗಿ ಕೂತಿರುತ್ತಿದ್ದರು. ಪ್ರಾರ್ಥನೆ ಮಾಡುತ್ತಿದ್ದೆ ಎನ್ನುತ್ತಿದ್ದರು. ಮಲಗಿದರೆ ಉಸಿರು ಕಟ್ಟುತ್ತದೆಂದು ಅವರು ಕೂತೇ ನಿದ್ರಿಸುತ್ತಿದ್ದರು ಎಂಬುದು ನನಗೆ ಮೂವತ್ತನೆಯ ಕಲ್ಲಿನ ಹೊತ್ತಿಗೆ ಗೊತ್ತಾಯಿತು. ಕೆಮ್ಮನ್ನು ಮನೆಯವರು ಶೀಟು ಒಣಗಿಸುವ ಹೊಗೆಗೂಡಿನ ಲೆಕ್ಕಕ್ಕೆ ಹಾಕಿದರು. "ಹೊಗೆಗೂಡಿಗೆ ನೀನು ಹೋಗ್ಬೇಡ, ಚಿಕ್ಕವಳು ಹೋಗ್ಲಿ" ಎಂದು ಭಾವ ಹೇಳಿದರು. ಭಾವ ಎಂದರೆ ಅವರ ಗಂಡ. ಕಡಿಮೆ ಮಾತಿನ ಮನುಷ್ಯ. ಹೆಂಡತಿಯ ಮೇಲೆ ಪ್ರೀತಿಯಿತ್ತು. ಅದು ಇಂಥ ಆಜ್ಞೆಗಳಲ್ಲಿ ಮಾತ್ರ ಹೊರಬರುತ್ತಿತ್ತು. ಹರಕೆಯ ವಿಷಯದಲ್ಲಿ ಅವರೇನೂ ಹೇಳಲಿಲ್ಲ. ದೇವರೊಡನೆ ಹೆಂಡತಿ ಮಾಡಿಕೊಂಡ ಮಾತಿನ ನಡುವೆ ಗಂಡ ಬರಬಾರದು ಎಂದು ಅವರು ತಿಳಿದಿದ್ದರು.

ಮೂವತ್ತೊಂಬತ್ತನೆಯ ಕಲ್ಲಿನ ದಿನ ಚೇಟತ್ತಿ ಅರ್ಧ ದಾರಿಯಲ್ಲಿ ನಿಂತರು. ಅಲ್ಲಿ ಎದೆಯೆತ್ತರಕ್ಕೆ ಒಂದು ಬಂಡೆ ಉಂಟು, ಇನ್ನೊಬ್ಬರ ಸಹಾಯವಿಲ್ಲದೆ ಹೊರೆಯನ್ನು ಜಾರಿಸಿ ಇಡಬಹುದಾದ ಬಂಡೆ. ಕಲ್ಲನ್ನು ಅದರ ಮೇಲೆ ಜಾರಿಸಿ, ಹಣೆಯನ್ನು ಕಲ್ಲಿಗೇ ಒತ್ತಿ ನಿಂತರು. ಬಿಸಿಲು ಇನ್ನೂ ಏರಿರಲಿಲ್ಲ. ಆದರೂ ಕುಪ್ಪಸ ಒದ್ದೆ. ನನ್ನ ಕಡೆ ತಿರುಗದೆಯೇ ಕೇಳಿದರು. ಎರಡೆರಡು ಮಾತಿಗೆ ಉಸಿರು ತೆಗೆದುಕೊಂಡು.

"ಕೊಚ್ಚೇ, ಇವತ್ತು... ಇಲ್ಲೇ ಇಟ್ಟು... ಹೋಗುವನಾ? ನಾಳೆ ನೋಡುವ."

ಅವರು ನನ್ನ ಅನುಮತಿ ಕೇಳುತ್ತಿದ್ದರು. ಹೌದು ಎನ್ನಲು ಒಬ್ಬರು ಬೇಕಿತ್ತು, ಅಲ್ಲಿ ಇದ್ದದ್ದು ನಾನೊಬ್ಬಳೇ. ಕಾನ್ವೆಂಟಿನಲ್ಲಿ ನನಗೆ ನಾಡಿ ಹಿಡಿಯುವುದನ್ನು ಕಲಿಸಿದ್ದರು. ನೋವನ್ನು ದೇವರಿಗೆ ಒಪ್ಪಿಸುವುದನ್ನೂ ಕಲಿಸಿದ್ದರು. ಹಲ್ಲುನೋವು ಬಂದರೆ ಒಪ್ಪಿಸು, ಮನೆಯ ನೆನಪಾಗಿ ಅಳು ಬಂದರೆ ಒಪ್ಪಿಸು. ನನ್ನ ಬಾಯಿಗೆ ಬಂದದ್ದು ಅದೇ.

"ಇನ್ನು ಹನ್ನೊಂದೇ ಉಳಿಯುದಲ್ವಾ ಚೇಟತ್ತಿ. ಒಪ್ಪಿಸಿಬಿಡಿ."

ನನ್ನ ಸ್ವರ ಮೃದುವಾಗಿಯೇ ಇತ್ತು. ಎಲ್ಲರೂ ನನ್ನನ್ನು ಮೆಚ್ಚುತ್ತಿದ್ದದ್ದು ಆ ಸ್ವರಕ್ಕೇ. ಅವರು ಮಂಡಿ ಬಗ್ಗಿಸಿ, ಕಲ್ಲಿನ ಕೆಳಗೆ ತಲೆ ಕೊಟ್ಟರು. ನಾನು ನನ್ನ ಅರ್ಧ ಕಲ್ಲನ್ನು ಪಕ್ಕಕ್ಕಿಟ್ಟು, ಅವರದನ್ನು ತಳ್ಳಿ ಏರಿಸಿಕೊಟ್ಟೆ.

ಐವತ್ತೂ ಮುಗಿಯಿತು. ಕೊನೆಯ ದಿನ ಮುದುಕ ಎತ್ತಿಕೊಡಲು ಒಪ್ಪಲಿಲ್ಲ, ಕತ್ತಿ ಮಸೆಯುವ ನೆಪ ಮಾಡಿ ಆಚೆ ಹೋದ. ಬೇರೆ ಯಾರೋ ಎತ್ತಿಕೊಟ್ಟರು.

ಈಸ್ಟರ್ ಕಳೆದು ಎರಡು ತಿಂಗಳಾಗುವಾಗ ಚೇಟತ್ತಿಗೆ ವಾಂತಿ ಶುರುವಾಯಿತು. ಹೊರೆ ನಿಂತ ಮೇಲೆ ಕೆಮ್ಮು ಕಡಿಮೆಯಾಗಿತ್ತು, ನಿದ್ದೆಯೂ ಮಲಗಿಯೇ ಬರುತ್ತಿತ್ತು. ನನ್ನ ಮನಸ್ಸಿನಿಂದ ಒಂದು ಭಾರ ಇಳಿದಿತ್ತು. ಈಗ ಈ ಸುದ್ದಿ. ಅತ್ತೆ ಅಂಗಳದಲ್ಲಿ ನಿಂತು ಬೇಲಿಯಾಚೆಯವರಿಗೆ ಕೂಗಿ ಹೇಳಿದರು. ಇಡೀ ಊರಿಗೆ ಅದು ಕಲ್ಲಿನ ಫಲ. ನಾನೂ ನಂಬಿದೆ. ಬಂಡೆಯ ಹತ್ತಿರ ನಾನು ಸರಿಯಾದದ್ದನ್ನೇ ಹೇಳಿದೆ ಎಂದು ಕೆಲವು ವಾರ ಸಂತೋಷಪಟ್ಟೆ. ಅದನ್ನು ಮುಚ್ಚಿಟ್ಟು ಬರೆಯಲಾರೆ.

ಐದನೆಯ ತಿಂಗಳಿಗೆ ಅವರು ಮತ್ತೆ ಕೂತು ನಿದ್ರಿಸತೊಡಗಿದರು. ಬಾವಿಯಿಂದ ಅಡುಗೆಮನೆಗೆ ಖಾಲಿ ಕೈಯಲ್ಲಿ ನಡೆದು ಬಂದರೂ ಗುಡ್ಡ ಹತ್ತಿದವರ ಹಾಗೆ ಬಾಗಿಲು ಹಿಡಿದು ನಿಲ್ಲುತ್ತಿದ್ದರು. ಒಂದು ದಿನ ಸೆರಗಿನ ತುದಿಯಲ್ಲಿ ಒರೆಸಿದ ಕಫ ಗುಲಾಬಿಯಾಗಿ ಕಂಡಿತು. ಆಗ ಭಾವ ಜೀಪು ತರಿಸಿದರು.

ಪುತ್ತೂರಿನ ಆಸ್ಪತ್ರೆಯ ಡಾಕ್ಟರು ವಯಸ್ಸಾದ ಹೆಂಗಸು. ಚೇಟತ್ತಿಯ ಎದೆಗೆ, ಬೆನ್ನಿಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. ಕಣ್ಣು ಮುಚ್ಚಿಕೊಂಡು ಕೇಳಿದರು.

"ಸಣ್ಣದಿರುವಾಗ ಗಂಟು ಬಾತು ಜ್ವರ ಬಂದಿತ್ತಾ?"

"ಹೌದು" ಎಂದರು ಚೇಟತ್ತಿ. "ಹನ್ನೊಂದು ವರ್ಷ ಆಗುವಾಗ. ಒಂದು ಗಂಟಿಂದ ಇನ್ನೊಂದಕ್ಕೆ ಹಾರಿಹಾರಿ ಬರ್ತಿತ್ತು. ಶಾಲೆಗೆ ಒಂದು ವರ್ಷ ಹೋಗ್ಲಿಲ್ಲ."

"ಉಸಿರು ಕಟ್ಟುದು ಯಾವಾಗಿಂದ?"

"ಈಗ ಒಂದು ತಿಂಗಳಿಂದ..."

"ಅಲ್ಲ ಡಾಕ್ಟ್ರೆ" ಎಂದೆ ನಾನು. ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರ ಕೊಡುವ ಶಾಲೆಯ ಅಭ್ಯಾಸ. "ನೋಂಬಿನಲ್ಲೇ ಇತ್ತು. ಕಲ್ಲು ಹೊರುವಾಗ. ನಾಡಿ ಕೂಡ ತಪ್ಪಿತಪ್ಪಿ ಹೊಡೀತಿತ್ತು, ನಾನು ನೋಡಿದ್ದೆ."

ಬಾಗಿಲ ಬಳಿ ಕೊಡೆ ಹಿಡಿದು ನಿಂತಿದ್ದ ಭಾವ ನನ್ನ ಕಡೆ ನೋಡಿದರು.

ಡಾಕ್ಟರು ಆಮೇಲೆ ಭಾವನನ್ನೂ ನನ್ನನ್ನೂ ಹೊರಗೆ ಕರೆದು ಹೇಳಿದರು. ಹೃದಯದೊಳಗೆ ಒಂದು ಬಾಗಿಲು ಸಣ್ಣ ಆಗಿ ಹೋಗಿದೆ. ಆ ಹಳೆಯ ಜ್ವರದ ಕೆಲಸ. ಸುಮ್ಮನೆ ಕೂತಿದ್ದರೆ ರಕ್ತ ಹೇಗೋ ದಾಟುತ್ತದೆ. ಹೊರೆ ಹೊತ್ತರೆ ಹೃದಯ ಓಡುತ್ತದೆ. ಓಡಿದಷ್ಟೂ ಬಾಗಿಲು ತೆರೆದಿರುವ ಹೊತ್ತು ಕಡಿಮೆ. ದಾಟಲಾಗದ ರಕ್ತ ಹಿಂದೆ ಶ್ವಾಸಕೋಶದಲ್ಲಿ ತುಂಬಿ ನಿಲ್ಲುತ್ತದೆ. "ಕೆಮ್ಮುದು ಅದನ್ನೇ" ಎಂದರು. "ಕಲ್ಲನ್ನಾದ್ರೆ ಕೆಳಗಿಡಿ ಅಂತ ಹೇಳಬಹುದಿತ್ತು. ಬಸುರಿನಲ್ಲಿ ಹೃದಯಕ್ಕೆ ಇಡೀ ದಿನ ಹೊರೆಯೇ. ಇದನ್ನು ಇಳಿಸಿ ಕೂತುಕೊಳ್ಳಿ ಅಂತ ನಾನು ಹೇಗೆ ಹೇಳುದು?"

"ಎಂತ ಮಾಡ್ಬಹುದು?" ಭಾವ ಕೇಳಿದರು.

"ಆ ಬಾಗಿಲು ಬಿಡಿಸ್ತಾರೆ, ದೂರದ ದೊಡ್ಡ ಆಸ್ಪತ್ರೆಯಲ್ಲಿ. ಈಗ ಅಷ್ಟು ದೂರ ಕರ್ಕೊಂಡು ಹೋಗುವ ಸ್ಥಿತಿಯಲ್ಲಿ ಇಲ್ಲ ಇವರು." ಒಳಗೆ ಹೋಗಲು ತಿರುಗಿ, "ನೋಂಬಿನಲ್ಲೇ ಬಂದಿದ್ರೆ" ಎಂದರು.

ಮನೆಗೆ ಕಳುಹಿಸಲಿಲ್ಲ. ಹೆಂಗಸರ ವಾರ್ಡಿನಲ್ಲಿ ಕಿಟಕಿಯ ಬದಿಯ ಮಂಚ. ಚೇಟತ್ತಿಯ ಎದುರು ಒಂದು ಮೇಜು, ಮೇಜಿನ ಮೇಲೆ ದಿಂಬು, ದಿಂಬಿನ ಮೇಲೆ ಅವರ ಎರಡು ಕೈ ಮತ್ತು ಹಣೆ. ಹಾಗೆ ಬಾಗಿ ಕೂತರೆ ಮಾತ್ರ ಗಾಳಿ ಸಿಗುತ್ತಿತ್ತು. ಪಾದಗಳು ಬಾತು, ನಾನು ಎಣ್ಣೆ ಸವರಿದರೆ ಬೆರಳಿನ ಗುಳಿ ಹಾಗೆಯೇ ಉಳಿಯುತ್ತಿತ್ತು. ಒಂದೂವರೆ ತಿಂಗಳು ನಾನು ಅಲ್ಲಿದ್ದೆ. ನಡುವೆ ಕೆಲವು ಒಳ್ಳೆಯ ದಿನಗಳೂ ಬಂದವು. ಅಂಥ ಒಂದು ದಿನ ಅವರೇ ಮಾತು ತೆಗೆದರು.

"ಮಲಗಿದ್ರೆ ಕಲ್ಲು ಎದೆಯ ಮೇಲೆ ಬಂದು ಕೂರ್ತದೆ ಮಾರಾಯ್ತಿ. ತಲೆಯ ಮೇಲೆ ಇದ್ದಾಗ್ಲೇ ಸುಖ ಇತ್ತು."

ಆಗ ಹೇಳಬಹುದಿತ್ತು. ನನಗೆ ಗೊತ್ತಿತ್ತು ಚೇಟತ್ತಿ, ಆ ದಿನ ಬಂಡೆಯ ಹತ್ತಿರ ನಾನು ಬೇಡ ಎನ್ನಬೇಕಿತ್ತು ಎಂದು. ನಾನು ದಿಂಬು ಸರಿಮಾಡಿದೆ.

"ಮಗು ಒದೀತದೆ" ಎಂದರು ಅವರು. "ಅದಕ್ಕಾದ್ರೂ ಉಸಿರು ಚೆನ್ನಾಗಿ ಉಂಟು."

ಏಳನೆಯ ತಿಂಗಳಿನಲ್ಲಿ, ಒಂದು ಮಧ್ಯಾಹ್ನ ಊಟದ ತಟ್ಟೆಗಳ ಸದ್ದಿನ ನಡುವೆ, ಅವರು ಹೋದರು. ಭಾವ ಔಷಧ ತರಲು ಕೆಳಗೆ ಹೋಗಿದ್ದರು. ಉಸಿರು ಮೇಲಕ್ಕೆ ಮೇಲಕ್ಕೆ ಹತ್ತಿ, ಗಂಟಲಲ್ಲಿ ಗೊರಗೊರ ಎಂದು, ನರ್ಸ್ ಓಡಿ ಬಂದು ಸೂಜಿ ಚುಚ್ಚುವಷ್ಟರಲ್ಲಿ ಹಣೆ ದಿಂಬಿನ ಮೇಲೆ ಭಾರವಾಯಿತು. ಮಗು ಉಳಿಯಲಿಲ್ಲ. ಇಬ್ಬರನ್ನೂ ಒಂದೇ ಪೆಟ್ಟಿಗೆಯಲ್ಲಿ ಮಲಗಿಸಿದರು. ಆಗ ಮೇಲಿನ ಇಗರ್ಜಿಯ ಗೋಡೆ ಕಿಟಕಿಯ ಮಟ್ಟಕ್ಕೆ ಎದ್ದಿತ್ತು. ಮರಣದ ಪೂಜೆಯ ಉಪದೇಶದಲ್ಲಿ ಪಾದ್ರಿಯವರು ಆ ಐವತ್ತು ಕಲ್ಲುಗಳನ್ನು ನೆನೆದು ಅತ್ತರು. ಅವರಿಗೂ ಏನೂ ಗೊತ್ತಿರಲಿಲ್ಲ. ಅತ್ತೆ ಮನೆಗೆ ಬಂದವರಿಗೆಲ್ಲ, "ದೇವರು ಕೊಟ್ಟ, ಅವನೇ ತಕ್ಕೊಂಡ" ಎನ್ನುತ್ತಿದ್ದರು. ಕೆಲವು ತಿಂಗಳ ಮೇಲೆ ಅದನ್ನೂ ಹೇಳುವುದು ಬಿಟ್ಟರು. ಶೀಟು ಹರಡುವಾಗ ಅಂಗಳದಲ್ಲಿ ಮಾತೇ ಇರುತ್ತಿರಲಿಲ್ಲ.

ನಲವತ್ತೊಂದನೆಯ ದಿನದ ಪೂಜೆ ಊಟ ಮುಗಿದು ನೆಂಟರೆಲ್ಲ ಹೋದ ಮೇಲೆ ಭಾವ ಅಡುಗೆಮನೆಯ ಬಾಗಿಲಿಗೆ ಬಂದರು. ಅವರು ಎಂದೂ ಅಲ್ಲಿಗೆ ಬರುವವರಲ್ಲ. ನಾನು ಉರುಳಿ ಪಾತ್ರೆ ತಿಕ್ಕುತ್ತಿದ್ದೆ. ನಮ್ಮ ಕನ್ನಡದಲ್ಲಿ, ಚೇಟತ್ತಿ ಮತ್ತು ನಾನು ಆಡುತ್ತಿದ್ದ ಕನ್ನಡದಲ್ಲಿ, ಕೇಳಿದರು:

"ಎಷ್ಟನೆಯ ಕಲ್ಲಿನಿಂದ ನಿನಗೆ ಗೊತ್ತಾಯ್ತು?"

ಸುಳ್ಳು ಹೇಳಲು ಸಮಯವಿತ್ತು. ನಲವತ್ತೊಂಬತ್ತು ಎಂದಿದ್ದರೆ ಅವರು ಒಪ್ಪಿಕೊಳ್ಳುತ್ತಿದ್ದರು.

"ಹದಿನೆಂಟು" ಎಂದೆ.

ಅವರು ತಲೆಯಾಡಿಸಿದರು. ಬೈಯಲಿಲ್ಲ. ಅಂಗಳ ದಾಟಿ ಹೊಗೆಗೂಡಿಗೆ ಬೆಂಕಿ ಹಾಕಲು ಹೋದರು. ನನ್ನ ಗಂಡನಿಗಾಗಲಿ ಅತ್ತೆಗಾಗಲಿ ಅವರು ಅದನ್ನು ಹೇಳಲಿಲ್ಲ. ಹೇಳಿದ್ದರೆ ನನಗೆ ಬದುಕುವುದು ಸುಲಭವಾಗುತ್ತಿತ್ತೋ ಏನೋ.

ಎಂಬತ್ತನೆಯ ಇಸವಿಯ ಆಚೆ ನನಗೆ ಇಬ್ಬರು ಮಕ್ಕಳಾದರು. ಸಲೀಸಾಗಿ ಆದರು. ಆ ವರ್ಷಗಳಲ್ಲಿ ಭಾವ ಮನೆಯ ಹೆಂಗಸರು ಯಾರೂ ಭಾರ ಎತ್ತದ ಹಾಗೆ ನೋಡಿಕೊಂಡರು. ನಾನು ಬಾವಿಯಿಂದ ಕೊಡ ಸೊಂಟಕ್ಕೆ ಇಟ್ಟು ಹೊರಟರೆ ಎಲ್ಲಿಂದಲೋ ಬಂದು ಕೈ ಚಾಚುತ್ತಿದ್ದರು. ನಾನು ಕೊಡುತ್ತಿದ್ದೆ. ಕೊಡವನ್ನು ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟು, ಹಿಂದೆಯೇ ಮೆಟ್ಟಿಲು ಹತ್ತಿ ಬರುವ ನನ್ನನ್ನು ಕಾಯುತ್ತಿದ್ದರು. ಕಣ್ಣು ನನ್ನ ಮುಖದ ಮೇಲೆ ಇರುತ್ತಿರಲಿಲ್ಲ, ಭುಜದ ಮೇಲೆ ಇರುತ್ತಿತ್ತು. ಅದು ಏಳುವುದು ಬೀಳುವುದು ನಿಂತು, ನನ್ನ ಉಸಿರು ಇಳಿದದ್ದು ಖಾತ್ರಿಯಾದ ಮೇಲೆ ತೋಟಕ್ಕೆ ಹೋಗುತ್ತಿದ್ದರು.